ಸದ್ದಿಲ್ಲದೆ ನಗುವ ಮನೆ

ಧೂಳು ಸುಡುವ ವಾಸನೆ, ಒಂದು ವರ್ಷದ ಧೂಳು, ರೇಡಿಯೋದ ವಾಲ್ವುಗಳ ಮೇಲೆ ಕೂತದ್ದು ಈಗ ಬಿಸಿಯಾಗುತ್ತಿದೆ, ಬೆಳಗಿನ ಶ್ರಾದ್ಧದ ಎಳ್ಳು ತುಪ್ಪದ ಘಮವನ್ನು ಪಕ್ಕಕ್ಕೆ ತಳ್ಳಿ ಹೊಸ್ತಿಲವರೆಗೆ ಬಂತು, ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಸುಮತಿ ತಲೆ ಎತ್ತಲಿಲ್ಲ, ಎತ್ತಿದರೆ ಕುರ್ಚಿ ಕಾಣುತ್ತದೆ, ಬೆತ್ತದ ಕುರ್ಚಿಯ ಬೆನ್ನು, ಅದರಾಚೆ ಗೋಡೆಗೂಡಿನಲ್ಲಿ ರೇಡಿಯೋ — ವಿಶ್ವನಾಥ ಮಾವ ಹೊದಿಕೆ ತೆಗೆದು ಸ್ವಿಚ್ಚು ಹಾಕೇಬಿಟ್ಟ. ಅಮ್ಮನ ಕೊನೆಯ ತಮ್ಮ, ಇನ್ಶೂರೆನ್ಸ್ ಕಂಪನಿಯವನು, ಎಲ್ಲದಕ್ಕೂ ಅವಧಿ ಮುಗಿಯುವ ದಿನ ನೆನಪಿಟ್ಟುಕೊಳ್ಳುವವನು, ವರ್ಷಾಬ್ದಿಕ ಮುಗೀತಲ್ಲ ಅಂಬುಜಕ್ಕಾ, ಇನ್ನೆಷ್ಟು ದಿನ ಇದಕ್ಕೆ ಮುಸುಕು, ರೇಡಿಯೋ ಲೈಸೆನ್ಸೂ ನಿನ್ನ ಹೆಸರಿಗೆ ಮಾಡಿಸಿಕೊಂಡು ಬಂದೆ, ಪೋಸ್ಟಾಫೀಸಿನವನು ಕೇಳ್ತಾನೆ, ಇನಿಮೇ ಯಾರ್ ಸಾರ್ ಕೇಕ್ಕಪೋರಾ, ಇನ್ಮೇಲೆ ಇದನ್ನ ಯಾರು ಕೇಳೋದು ಅಂತ, ನಮ್ಮಕ್ಕ ಕೇಳ್ತಾಳಯ್ಯಾ ಅಂದೆ. ಅಮ್ಮ ನಗಲಿಲ್ಲ, ಇರಲಿ ಬಿಡೋ, ಇವತ್ತು ಭಾನುವಾರ ತಾನೇ, ನಾಲ್ಕೂವರೆಗೆ ಲಂಡನ್ ಬರತ್ತೆ, ಅವರಿಗೂ ಕೇಳಿಸಲಿ ಪಾಪ ಎಂದಳು. ಅವರಿಗೂ ಎಂದರೆ ಅಣ್ಣನಿಗೂ, ಅಪ್ಪನನ್ನು ಈ ಮನೆಯಲ್ಲಿ ಅಣ್ಣ ಎಂದೇ ಕರೆಯುವುದು, ಕರೆಯುತ್ತಿದ್ದುದು, ಪೆರಂಬೂರು ರೈಲ್ವೆ ವರ್ಕ್‌ಷಾಪಿನ ಡ್ರಾಯಿಂಗ್ ಆಫೀಸಿನ ಮಧ್ವರಾಜರು ಬೆಳಗ್ಗೆ ಪಿಂಡವಾಗಿ ಬಾಳೆಲೆಯ ಮೇಲೆ ಕೂತಿದ್ದರು, ಮಗನಿಲ್ಲದ ಮನೆಯೆಂದು ದಾಯಾದಿ ಭೋಜರಾಜ ಚಿಕ್ಕಪ್ಪ ಬಂದು ತರ್ಪಣ ಬಿಟ್ಟು, ಮೂರು ಸಲ ಹುಳಿ ಹಾಕಿಸಿಕೊಂಡು ಉಂಡು, ಬಸ್ಸಿಗೆ ಹೋದ. ಉಳಿದವರು ನಾಲ್ಕೇ ಜನ, ಅಮ್ಮ, ಮಾವ, ತಾನು, ಮತ್ತೆ ಕುಂಭಕೋಣದಿಂದ ಬಂದ ಸೀತತ್ತೆ, ಅಣ್ಣನ ಅಕ್ಕ, ಹೋದ ವರ್ಷ ಸೊಂಟ ಮುರಿದು ಮಲಗಿದ್ದವಳು, ತಮ್ಮನ ಮುಖ ಕೊನೆಗೂ ನೋಡಲಾಗದವಳು, ಈಗ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಾಳೆ, ಅವಳ ಕಣ್ಣು ಆಗಿನಿಂದ ತನ್ನ ಮೇಲೇ ಇದೆ, ಅವಳು ಕೇಳುತ್ತಾಳೆ, ಇವತ್ತು ಕೇಳಿಯೇ ಕೇಳುತ್ತಾಳೆ, ಹೇಗೆ ಹೋದ ಹೇಳೇ ಎಂದು, ಆಗ ಏನು ಹೇಳುವುದು. ಒಂದು ಕಲ್ಲು, ಇನ್ನೊಂದು, ಈ ಅಂಗಡಿಯವನು ಅಕ್ಕಿಗೆ ಕಲ್ಲು ಬೆರೆಸುತ್ತಾನೋ ಕಲ್ಲಿಗೆ ಅಕ್ಕಿಯೋ ಎಂದು ಅಣ್ಣ ಅನ್ನುತ್ತಿದ್ದ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಅದು ಇಂಗ್ಲಿಷರ ಹಾಸ್ಯವಂತೆ, ಹೇಳುವವನು ನಗಬಾರದು.

ರೇಡಿಯೋ ಗುರ್ರೆಂದಿತು, ಮಾವ ಮುಳ್ಳನ್ನು ಸರಿಸುತ್ತಿದ್ದಾನೆ, ಯಾರೋ ಸಿಂಹಳದಲ್ಲಿ ಹಾಡಿದರು, ಯಾರೋ ಅರಬ್ಬಿಯಲ್ಲಿ ಬೈದರು, ಲಂಡನ್ ಹತ್ತೊಂಬತ್ತು ಮೀಟರಾ ಇಪ್ಪತ್ತೈದಾ ಸುಮತೀ, ನಿಂಗೆ ಗೊತ್ತಲ್ಲ — ಅವಳು ಹತ್ತೊಂಬತ್ತು ಎಂದಳು, ಹೇಳದೆ ಇರಬಹುದಿತ್ತು, ಮರೆತೆ ಎನ್ನಬಹುದಿತ್ತು, ಮರೆಯುವುದೆಲ್ಲಿ, ಹದಿನಾಲ್ಕನೆಯ ವಯಸ್ಸಿನಿಂದ ಎಂಟು ವರ್ಷ ಪ್ರತಿ ಭಾನುವಾರ ಅದೇ ಕೆಲಸ, ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ಸ್ಟೇಷನ್ ಸಿಕ್ಕಿತೆಂದು ರೇಡಿಯೋದ ಹಸಿರು ದೀಪದ ಕಣ್ಣು ಕಿರಿದಾಗುವವರೆಗೆ ಕಾಯುವುದು, ಆಮೇಲೆ ಹೊಸ್ತಿಲಿಗೆ ಬಂದು ಕೂರುವುದು, ಅಲ್ಲಿ ಗಾಳಿ ಬರುತ್ತದೆ. ಅರ್ಧ ಗಂಟೆಯ ನಗೆನಾಟಕ. ಕಡಲ ದಂಡೆಯ ಯಾವುದೋ ಊರು, ಒಬ್ಬ ರಿಟೈರಾದ ಟಿಕೆಟ್ ಕಲೆಕ್ಟರು ಪೆಂಬರ್ಟನ್, ಅವನು ಬಾಡಿಗೆಗಿರುವ ಕೋಣೆ, ಮನೆಯೊಡತಿ ಮಿಸೆಸ್ ಕ್ರೂ, ವಾರವಾರವೂ ಅವನು ಅಲ್ಲಿಂದ ಹೊರಟುಹೋಗಲು ಒಂದು ಉಪಾಯ ಹೂಡುತ್ತಾನೆ, ವಾರವಾರವೂ ಕೊನೆಯಲ್ಲಿ ಅದೇ ಕೋಣೆಯಲ್ಲಿ ಅದೇ ತಣ್ಣಗಾದ ಟೀ ಮುಂದಿಟ್ಟುಕೊಂಡು ಕೂತಿರುತ್ತಾನೆ, ಆಮೇಲೊಂದು ಮೌನ, ಆ ಮೌನಕ್ಕೆ ಜನ ನಗುತ್ತಾರೆ. ಮಾತಿಗಲ್ಲ, ಮೌನಕ್ಕೆ. ಇದೇನ್ ಭಾವಾ ಕಾಮಿಡಿ, ಅಳು ಬರತ್ತೆ ಎಂದು ವಿಶ್ವನಾಥ ಮಾವ ಜಗಳಕ್ಕೆ ನಿಲ್ಲುತ್ತಿದ್ದ, ಅವನ ಪಕ್ಷ ಅಮೆರಿಕದ್ದು, ಮೌಂಟ್ ರೋಡಿನ ಅಮೆರಿಕನ್ನರ ಲೈಬ್ರರಿಯಲ್ಲಿ ಶನಿವಾರ ಸಾಯಂಕಾಲ ಅಲ್ಲಿನ ಮನೆಮನೆ ಟೆಲಿವಿಷನ್ನಿನ ಅರ್ಧ ಗಂಟೆಯ ನಗೆನಾಟಕಗಳನ್ನು ರೀಲಿನಲ್ಲಿ ಹಾಕುತ್ತಿದ್ದರು, ಎರಡು ಸಲ ಸುಮತಿಯನ್ನೂ ಕರೆದೊಯ್ದಿದ್ದ. ಬೀರುವಿನಷ್ಟು ದೊಡ್ಡ ಫ್ರಿಜ್ಜು, ಹೆಂಡತಿ ಹೊಸ ಟೋಪಿ ಕೊಂಡು ಗಂಡನಿಂದ ಬಚ್ಚಿಡುವುದು, ಬಾಸು ಊಟಕ್ಕೆ ಬರುವ ದಿನವೇ ಅದು ಸಾರಿನ ಪಾತ್ರೆಯಲ್ಲಿ ಸಿಕ್ಕುವುದು, ಕೊನೆಗೆ ಗಂಡ ನಕ್ಕು ಅವಳನ್ನು ತಬ್ಬಿಕೊಂಡು ಸಂಗೀತ. ಗೆಲ್ಲೋವ್ರನ್ನ ನೋಡಬೇಕು ಭಾವಾ, ಸೋಲೋವನ್ನ ನೋಡೋಕೆ ಲಂಡನ್ನಿಗ್ ಯಾಕ್ ಹೋಗಬೇಕು, ನನ್ನ ಕನ್ನಡೀಲೇ ದಿನಾ ಬೆಳಗ್ಗೆ ಫ್ರೀಯಾಗಿ ಸಿಕ್ತಾನೆ. ಅಣ್ಣ ಅಡಿಕೆ ಕತ್ತರಿಸುತ್ತ, ಅಮೆರಿಕದವರು ನಗಿಸಿ ತಬ್ಬಿಕೋತಾರೆ ಕಣೋ, ಇಂಗ್ಲಿಷರು ನಗಿಸಿ ಬಾಗಿಲು ಹಾಕ್ಕೋತಾರೆ, ನಂಗೆ ಬೆವರಿರೋವಾಗ ಯಾರಾದ್ರೂ ತಬ್ಬಿಕೊಂಡ್ರೆ ಆಗಲ್ಲ. ಅಮ್ಮ ಅಡುಗೆಮನೆಯಿಂದ, ಯಾವಾಗ್ಲೂ ಆಗಲ್ಲ ಬಿಡಿ. ಮಾವ ಹೋ ಎಂದು ನಕ್ಕ, ಸುಮತಿ ನಾಚಿ ತಲೆ ತಗ್ಗಿಸಿದಳು, ಅಣ್ಣ ಮಾತ್ರ ಸದ್ದಿಲ್ಲದೆ — ಬೇಡ, ಅದು ಬೇಡ, ಅಕ್ಕಿ ನೋಡು, ಅಕ್ಕಿ.

ಆ ರೀಲಿನಲ್ಲಿ ಒಂದು ವಿಚಿತ್ರವಿತ್ತು, ತೆರೆಯ ಮೇಲೆ ಗಂಡ ಹೆಂಡತಿ ಇಬ್ಬರೇ, ಕೋಣೆಯಲ್ಲಿ ಇನ್ನಾರೂ ಇಲ್ಲ, ಆದರೂ ನೂರು ಜನ ನಗುವ ಸದ್ದು, ಅವಳು ಹಿಂದಿರುಗಿ ನೋಡಿದಳು, ಹಾಲಿನಲ್ಲಿದ್ದವರು ಇಪ್ಪತ್ತೈದು ಮಂದಿ, ಅರ್ಧಕ್ಕರ್ಧ ಫ್ಯಾನಿನ ಗಾಳಿಗೆಂದು ಬಂದು ನಿದ್ದೆ ಹೋದವರು. ಮನೆಗೆ ಬಂದು ಕೇಳಿದಾಗ ಅಣ್ಣ ಹೇಳಿದ, ಅದು ಡಬ್ಬದ ನಗು ಮರೀ, ಮೊದಲೇ ತುಂಬಿಟ್ಟಿರ್ತಾರೆ, ಎಲ್ಲಿ ನಗಬೇಕೋ ಅಲ್ಲಿ ಮುಚ್ಚಳ ತೆಗೀತಾರೆ. ಸುಮತಿಗೆ ಅದು ಅಪಹಾಸ್ಯವೆನಿಸಲಿಲ್ಲ, ಅವಳಿಗೆ ತಟ್ಟನೆ ಅಜ್ಜಿ ನೆನಪಾದಳು, ಅಣ್ಣನ ಅಮ್ಮ, ಕತೆಗಳ ಅಜ್ಜಿ. ಅಜ್ಜಿಯ ಕತೆಗೆ ಹೂಂ ಅನ್ನಬೇಕಿತ್ತು. ಒಂದೂರಲ್ಲಿ ಒಬ್ಬ ರಾಜ ಇದ್ದ, ಹೂಂ, ಅವನಿಗೆ ಏಳು ಜನ ಹೆಂಡಿರು, ಹೂಂ, ಏಳನೆಯವಳ ಪ್ರಾಣ ಒಂದು ಗಿಳಿಯೊಳಗಿತ್ತು, ಹೂಂ, ಹೂಂ ನಿಂತರೆ ಕತೆಯೂ ನಿಂತಿತು, ರಾಜ ಎತ್ತಿದ ಕಾಲು ಎತ್ತಿದಲ್ಲೇ, ರಾಕ್ಷಸನ ಬಾಯಿ ತೆರೆದಲ್ಲೇ, ಯಾಕಜ್ಜೀ ಹೂಂ ಅನ್ನಲೇಬೇಕಾ ಎಂದರೆ, ಮತ್ತೆ, ಕತ್ತಲಲ್ಲಿ ನೀನು ಇದೀಯೋ ನಿದ್ದೆ ಹೋದೆಯೋ ನಂಗೆ ಹ್ಯಾಗ್ ಗೊತ್ತಾಗಬೇಕೇ ರಂಡೆ, ಕೇಳೋವ್ರು ಸದ್ದು ಮಾಡಬೇಕು, ಸದ್ದು ಮಾಡದೋರ ಮುಂದೆ ಕತೆ ಹೇಳೋದೂ ಸುಡುಗಾಡಲ್ಲಿ ಹೇಳೋದೂ ಒಂದೇ. ಆ ಡಬ್ಬದ ನಗು ಅಮೆರಿಕದವರ ಹೂಂ, ಅಷ್ಟೆ. ಒಂಟಿಯಾಗಿ ಕೂತು ನೋಡುವವರಿಗೆ ಪಕ್ಕದಲ್ಲಿ ಯಾರೋ ಇದ್ದೇವೆ ಎನ್ನುವುದು. ಅಜ್ಜಿ ಇದ್ದಿದ್ದರೆ ಅವಳ ಪಕ್ಷವೂ ಅಮೆರಿಕವೇ, ಅವಳ ಕತೆಗಳಲ್ಲೂ ಕೊನೆಗೆ ಎಲ್ಲ ಸರಿಹೋಗುತ್ತಿತ್ತು, ಕಳೆದ ಉಂಗುರ ಮೀನಿನ ಹೊಟ್ಟೆಯಲ್ಲಿ ಸಿಕ್ಕುತ್ತಿತ್ತು, ಸತ್ತವರು ನಿದ್ದೆಯಿಂದ ಏಳುವ ಹಾಗೆ ಎದ್ದು ಎಷ್ಟು ಹೊತ್ತು ಮಲಗಿಬಿಟ್ಟೆ ಎನ್ನುತ್ತಿದ್ದರು. ಸುಮತಿಗೂ ಒಳಗೊಳಗೆ ಅದೇ ಇಷ್ಟ, ಆ ಟೋಪಿ, ಆ ಫ್ರಿಜ್ಜು, ಆ ಅಪ್ಪುಗೆ, ಆದರೆ ಅಣ್ಣನ ಮುಂದೆ ಹೇಳಲಿಲ್ಲ, ಅಣ್ಣನ ಪಕ್ಷಕ್ಕೆ ಅವಳನ್ನು ಬಿಟ್ಟರೆ ಇನ್ನಾರಿದ್ದರು, ಲಂಡನ್ನೇ ಮೇಲು ಎಂದಳು, ಮಾವ ಇವಳನ್ನು ಯಾವ ಟಿಕೆಟ್ ಕಲೆಕ್ಟರಿಗಾದರೂ ಕೊಟ್ಟು ಮದುವೆ ಮಾಡಿ ಭಾವಾ ಎಂದ. ಆದರೆ ಲಂಡನ್ನಿಗೆ ಕೇಳುವವರು ಹೂಂ ಅನ್ನುವಂತಿರಲಿಲ್ಲ. ಅದು ಅಣ್ಣನ ಕಾನೂನು, ಈ ಮನೆಯದೇ ಕಾನೂನು, ಬೇರಾವ ಮನೆಯಲ್ಲೂ ಇರಲಿಕ್ಕಿಲ್ಲ. ಶಾರ್ಟ್‌ವೇವ್ ಅಲೆಯಂತೆ ಬಂದು ಹೋಗುತ್ತದೆ, ನೀವು ನಕ್ಕ ಸದ್ದಿನಲ್ಲಿ ಮುಂದಿನ ಮಾತು ಮುಳುಗಿಹೋಗುತ್ತದೆ, ಅದು ಮತ್ತೆ ಸಿಕ್ಕುವುದಿಲ್ಲ, ಆದ್ದರಿಂದ ಅರ್ಧ ಗಂಟೆ ಯಾರೂ ಬಾಯಿ ಬಿಡಬಾರದು, ನಗು ಬಂದರೆ ಒಳಗೇ ನಗಬೇಕು. ಮೊದಮೊದಲು ಅವಳು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಆಮೇಲೆ ರೂಢಿಯಾಯಿತು, ಮೂಗಿನಿಂದ ಉಸಿರು ಬಿಟ್ಟು ನಗುವುದು, ಅಣ್ಣನದು ಅದೂ ಇಲ್ಲ, ಅಣ್ಣ ಬೆನ್ನಿನಿಂದ ನಗುತ್ತಿದ್ದ. ಬಿಳಿ ಬನಿಯನ್ನು, ಅದರೊಳಗೆ ಎರಡು ಭುಜ, ಮೇಲೆ, ಕೆಳಗೆ, ಮೇಲೆ, ಕೆಳಗೆ. ಹೊಸ್ತಿಲಲ್ಲಿ ಕೂತವಳಿಗೆ ಕಾಣುತ್ತಿದ್ದುದು ಅಷ್ಟೇ. ಆ ಭುಜ ಅಲುಗಿದರೆ ಇವಳಿಗೂ ನಗು, ಮಾತು ಅರ್ಥವಾಗದಿದ್ದರೂ ನಗು.

ಇಲ್ಲಿದೆ, ಸಿಕ್ತು, ಇನ್ನೂ ಐದು ನಿಮಿಷ ಇದೆ, ಈಗ ಯಾವುದೋ ಬ್ಯಾಂಡು, ಎಂದ ಮಾವ. ಸೀತತ್ತೆ ತೊಡೆ ನೀವಿಕೊಂಡಳು, ಅಷ್ಟರೊಳಗೆ ಹೇಳೇ ಸುಮತಿ, ಅಂಬುಜ ಕಾಗದದಲ್ಲಿ ಬರೆದಿದ್ಲು, ನಗ್ತಾ ನಗ್ತಾ ಹೋದ ಅಂತ, ನಾನು ಊರಿಗೆಲ್ಲ ಹೇಳಿದೆ, ಶರಣರ ಗುಣ ಮರಣದಲ್ಲಿ ನೋಡು ಅಂತಾರಲ್ಲ, ಹಾಗೆ, ಆದ್ರೂ ನಿನ್ನ ಬಾಯಲ್ಲಿ ಕೇಳಬೇಕು, ನೀನೊಬ್ಳೇ ತಾನೇ ಇದ್ದದ್ದು. ನೀನೊಬ್ಬಳೇ. ವೈಶಾಖದ ಬಿಸಿಲು ಅವತ್ತೂ ಹೀಗೇ ಅಂಗಳದಲ್ಲಿ ಕುದಿಯುತ್ತಿತ್ತು, ಅಮ್ಮ ಮುಂದಿನ ಬೀದಿಯ ಗುಡಿಗೆ ಪುರಾಣಕ್ಕೆ ಹೋಗಿದ್ದಳು, ಭಾನುವಾರವಾದ್ದರಿಂದ ವರ್ಕ್‌ಷಾಪಿನ ಸೈರನ್ನೂ ಇಲ್ಲ, ಪೆಂಬರ್ಟನ್ನಿಗೆ ಅವತ್ತು ಮಿಸೆಸ್ ಕ್ರೂ ಮೀನು ಬೇಯಿಸಿದ್ದಳು, ಅವನು ಅದನ್ನು ತಿನ್ನದೆ ಎಲ್ಲಿ ಅಡಗಿಸುವುದೆಂದು ಹುಡುಕುತ್ತಿದ್ದ, ನಮಗೆ ಮೀನು ಗೊತ್ತಿಲ್ಲ, ಬೇಯಿಸಿದ ಮೀನಿನ ವಾಸನೆ ಪಕ್ಕದ ಓಣಿಯದು ಮಾತ್ರ ಗೊತ್ತು, ಆದರೂ ನಗು ಬಂತು, ಪಿಯಾನೋದಲ್ಲಿ ಅಡಗಿಸಿದ, ಯಾರೋ ಪಿಯಾನೋ ನುಡಿಸಲು ಕೂತರು, ಲಂಡನ್ನಿನ ಜನ ಗೊಳ್ಳೆಂದರು, ಅವಳು ನೋಡಿದಳು, ಅಣ್ಣನ ಭುಜ ಅಲುಗುತ್ತಿತ್ತು. ಅವಳೂ ನಕ್ಕಳು, ಮೂಗಿನಿಂದ. ಮತ್ತೆ ಗೊಳ್ಳೆಂದರು, ಭುಜ ಇನ್ನೂ ಜೋರಾಗಿ ಅಲುಗಿತು, ಅಬ್ಬ ಅಣ್ಣನಿಗೆ ಇವತ್ತು ಎಷ್ಟು ನಗು, ಬಹಳ ದಿನದ ಮೇಲೆ, ಆಫೀಸಿನಲ್ಲಿ ಪ್ರಮೋಷನ್ ಕೈತಪ್ಪಿದ ಮೇಲೆ ಇಷ್ಟು ನಕ್ಕದ್ದೇ ಇಲ್ಲ, ಅವಳಿಗೆ ಸಂತೋಷವಾಯಿತು, ಸಂತೋಷ, ಆ ಪದಕ್ಕೆ ಬೆಂಕಿ ಬೀಳಲಿ, ಸಂತೋಷವಾಗಿ ಅವಳು ಇನ್ನಷ್ಟು ನಕ್ಕಳು, ಅವನ ನಗುವಿಗೆ ಜೊತೆಯಾಗಿ. ಅಣ್ಣನ ಬಲಗೈ ಕುರ್ಚಿಯ ತೋಳನ್ನು ಬಡಿಯಿತು, ಒಂದು, ಎರಡು, ಅವಳಿಗೆ ಅದೂ ನಗುವೇ. ಆಗ ಅಲೆ ತಗ್ಗಿತು, ಲಂಡನ್ನು ಸಮುದ್ರದಡಿಗೆ ಹೋಯಿತು, ಅವಳು ಎದ್ದು ಹೋಗಿ ಗುಂಡಿ ತಿರುಗಿಸಿ ಸದ್ದು ಹೆಚ್ಚಿಸಬಹುದಿತ್ತು, ಯಾವಾಗಲೂ ಹಾಗೇ ಮಾಡುತ್ತಿದ್ದಳು, ಎದ್ದಿದ್ದರೆ ಮುಖ ಕಾಣುತ್ತಿತ್ತು, ಆದರೆ ಮಡಿಲಲ್ಲಿ ಮೊರ ತುಂಬ ಅಕ್ಕಿ, ತಾನೇ ಸರಿಹೋಗುತ್ತದೆ ಎಂದು ಕೂತಳು. ತಾನೇ ಸರಿಹೋಯಿತು. ಪಿಯಾನೋ ಬಂತು, ನಗು ಬಂತು, ಚಪ್ಪಾಳೆ, ಮುಗಿಯಿತು, ಅಣ್ಣಾ ಮೀನು ಕೊನೆಗೆ ಯಾರಿಗೆ ಸಿಕ್ಕಿತು ಎಂದು ಕೇಳಿದಳು, ಕಾರ್ಯಕ್ರಮ ಮುಗಿದ ಮೇಲೆ ಮಾತಾಡಬಹುದು, ಅದೂ ಕಾನೂನೇ, ಅಣ್ಣಾ, ಹೇಳು, ಅಣ್ಣಾ. ಭುಜ ನಿಂತುಹೋಗಿತ್ತು.

ಅಮೆರಿಕದ ಆ ಮನೆಗಳಲ್ಲಿ ಹೀಗಾಗುತ್ತಿರಲಿಲ್ಲ, ವರ್ಷವೆಲ್ಲ ಅವಳಿಗೆ ಇದೇ ಯೋಚನೆ, ನೀರು ಸೇದುವಾಗ, ಜಡೆ ಹೆಣೆಯುವಾಗ, ಅಲ್ಲಿ ನಗುವವರು ಬಾಯಿ ತೆರೆದು ನಗುತ್ತಾರೆ, ಗಂಡ ಸೋಫಾದಿಂದ ಉರುಳಿ ಬೀಳುವಷ್ಟು ನಗುತ್ತಾನೆ, ನಗು ನಿಂತರೆ ಅದು ನಿಂತದ್ದು ತಿಳಿಯುತ್ತದೆ, ಅಂಥ ಮನೆಯಲ್ಲಿ ಒಬ್ಬ ಮನುಷ್ಯ ಸದ್ದಿಲ್ಲದೆ ಅಲುಗುತ್ತಿದ್ದರೆ ಮಗಳು ಓಡಿಬರುತ್ತಾಳೆ, ಡ್ಯಾಡಿ ಎನ್ನುತ್ತಾಳೆ. ಅಣ್ಣ ಹೊಗಳುತ್ತಿದ್ದ ಆ ಇಂಗ್ಲಿಷರ ಸಂಯಮ, ನೋವನ್ನೂ ನಗುವನ್ನೂ ಒಂದೇ ಮುಖದಲ್ಲಿಡುವುದು, ಇದರಲ್ಲೇ ಇರೋದು ಮರೀ ದೊಡ್ಡಸ್ತಿಕೆ, ಅಯ್ಯೋ ಅಮ್ಮಾ ಅಂತ ಕಿರುಚಿದ್ರೆ ಯಾರಿಗೂ ನಗು ಬರಲ್ಲ. ಕಿರುಚಬೇಕಿತ್ತು. ನೀನು ಕಿರುಚಬೇಕಿತ್ತು ಅಣ್ಣಾ, ಅಜ್ಜಿಯ ಮಗ ನೀನು, ನಿನಗೆ ಹೂಂ ಅನ್ನಲು ಬರುತ್ತಿರಲಿಲ್ಲವೇ. ಪುರಾಣದಿಂದ ಪ್ರಸಾದ ಹಿಡಿದು ಬಂದ ಅಮ್ಮ ಬಾಗಿಲಲ್ಲೇ ಏನಾಯ್ತೇ ಎಂದು ಕೂಗಿದಾಗ ಅವಳ ಬಾಯಿಂದ ಬಂದದ್ದು, ನಗ್ತಿದ್ರಮ್ಮಾ, ನಗ್ತಾನೇ ಇದ್ರು. ಆ ಗಳಿಗೆಯಲ್ಲಿ ಅದು ಸುಳ್ಳಲ್ಲ. ಆಮೇಲೆ ಬೀದಿ ಮೂಲೆಯ ಡಾಕ್ಟರು ಬಂದು, ಅಣ್ಣನ ಕಣ್ಣು ಮುಚ್ಚಿ, ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು, ಹತ್ತು ನಿಮಿಷವಾವದು ತುಡಿಚ್ಚಿರುಪ್ಪಾರು, ಒದ್ದಾಡಿರ್ತಾರಮ್ಮಾ, ನೀ ಪಕ್ಕತ್ತುಲ ಇಲ್ಲಿಯಾ, ಪಕ್ಕದಲ್ಲಿರಲಿಲ್ವಾ, ಎಂದರು. ಇಲ್ಲ, ಅಡುಗೆಮನೆಯಲ್ಲಿದ್ದೆ ಎಂದಳು. ಅದು ಸುಳ್ಳು. ಅಲ್ಲಿಂದ ಮುಂದೆ ಹೇಳಿದ ನಗ್ತಿದ್ರು ಎಲ್ಲವೂ ಸುಳ್ಳು, ಹತ್ತನೆಯ ದಿನ ಬಂದವರಿಗೆ, ಹದಿಮೂರಕ್ಕೆ ಬಂದವರಿಗೆ, ತಿಂಗಳು ತಿಂಗಳೂ ಮಾಸಿಕಕ್ಕೆ ಬಂದ ಆಚಾರ್ಯರಿಗೆ, ಅವರಂತೂ ನೆರೆದವರಿಗೆಲ್ಲ ಹೇಳಿದರು, ಹರಿಸ್ಮರಣೆ ಮಾಡುತ್ತಾ ಹೋಗುವುದು ಒಂದು ಬಗೆ, ಹಸನ್ಮುಖದಲ್ಲಿ ಹೋಗುವುದೂ ಪುಣ್ಯವಂತರ ಲಕ್ಷಣವೇ. ಅಜ್ಜಿಯ ಮೊಮ್ಮಗಳಲ್ಲವೇ, ಹೇಳಿ ಹೇಳಿ ಕತೆ ನುಣುಪಾಯಿತು, ಮೀನು ಬಿಟ್ಟುಹೋಯಿತು, ಕೈ ಬಡಿದದ್ದು ಬಿಟ್ಟುಹೋಯಿತು.

ಹೇಳೇ, ಎಂದಳು ಸೀತತ್ತೆ. ಮಾವ ಗೂಡಿನ ಪಕ್ಕದಲ್ಲೇ ನಿಂತಿದ್ದ, ಅಮ್ಮ ತಂಬಿಗೆ ಕೆಳಗಿಟ್ಟು ಮಗಳ ಮುಖ ನೋಡಿದಳು, ಹಸಿದವರು ಎಲೆಯನ್ನು ನೋಡುವ ಹಾಗೆ. ಭಾನುವಾರ ಸಾಯಂಕಾಲ, ಅತ್ತೆ, ಎಂದು ಶುರುಮಾಡಿದಳು. ಹೂಂ, ಎಂದಳು ಸೀತತ್ತೆ. ಅದೇ ಹೂಂ, ಅಜ್ಜಿಯ ಮಗಳ ಹೂಂ, ಉದ್ದವೂ ಅಲ್ಲ ಗಿಡ್ಡವೂ ಅಲ್ಲ, ಇದಕ್ಕೆ ಸುಳ್ಳು ಹೇಳುವುದು ಹೇಗೆ. ಅಣ್ಣ ಆ ಕುರ್ಚಿಯಲ್ಲಿ ಕೂತಿದ್ರು. ಹೂಂ. ನಾನು ಇಲ್ಲೇ ಹೊಸ್ತಿಲಲ್ಲಿ ಇದ್ದೆ. ಹೂಂ. ಇಲ್ಲೇ ಎಂದುಬಿಟ್ಟಳು, ಅಡುಗೆಮನೆ ಎನ್ನಲಿಲ್ಲ, ಅಮ್ಮನಿಗೆ ಅದು ತಿಳಿಯಲಿಲ್ಲ, ಡಾಕ್ಟರಿಗೆ ಹೇಳಿದ್ದು ಅಮ್ಮನಿಗೆ ಗೊತ್ತಿಲ್ಲ. ರೇಡಿಯೋದಲ್ಲಿ ಜನ ನಗ್ತಿದ್ರು. ಹೂಂ. ಅಣ್ಣ — ಹೂಂ, ಹೇಳು, ಅಣ್ಣ. ಈಗ ಹೇಳಿಬಿಡಬಹುದು, ಬರೀ ನಾಲ್ಕು ಮಾತು, ನಗ್ತಿರಲಿಲ್ಲ ಅತ್ತೆ, ನನಗೆ ತಿಳೀಲಿಲ್ಲ, ನಾನು ನಕ್ಕೆ. ನಾಲಿಗೆಯ ತುದಿಗೆ ಬಂತು. ಅಮ್ಮ ತಾನೇ ಮುಂದೆ ಹೇಳಿದಳು, ನಗ್ತಿದ್ರು ಅತ್ತಿಗೆ, ಇವಳು ಹಾಗಂದದ್ದಕ್ಕೇ ನಾನು ಈ ವರ್ಷ ಅನ್ನ ಅಂತ ಉಂಡೆ, ಇಲ್ಲದಿದ್ರೆ ಆ ಬಾವಿ ಎಷ್ಟು ದೂರ. ಬ್ಯಾಂಡು ನಿಂತಿತು. ಷ್, ಬಂತು, ಎಂದ ಮಾವ, ಲಂಡನ್ನಿನ ಮನುಷ್ಯ ಗಂಟಲು ಸರಿಮಾಡಿಕೊಂಡು ಹೆಸರು ಹೇಳಿದ, ಅದೇ ರಾಗ, ಅದೇ ಕಡಲಹಕ್ಕಿಯ ಕೂಗು, ಪೆಂಬರ್ಟನ್ ಇನ್ನೂ ಅಲ್ಲೇ ಇದ್ದಾನೆ, ಒಂದು ವರ್ಷವಾದರೂ ಅವನಿಗೆ ಆ ಕೋಣೆ ಬಿಡಲಾಗಿಲ್ಲ. ಅಮ್ಮ ಎದ್ದಳು. ಎಂಟು ವರ್ಷದಲ್ಲಿ ಒಂದು ಭಾನುವಾರವೂ ಕೇಳಲು ಕೂತವಳಲ್ಲ, ಇಂಗ್ಲಿಷು ತಿಳಿಯದು, ನೇರವಾಗಿ ಹೋಗಿ ಆ ಕುರ್ಚಿಯಲ್ಲಿ ಕೂತಳು, ಕಾಲು ಮಡಿಸದೆ, ಅವನು ಕೂರುತ್ತಿದ್ದ ಹಾಗೆ, ಸೆರಗು ಹೊದ್ದು.

ಸೀತತ್ತೆ ಬೆರಳು ತುಟಿಗಿಟ್ಟುಕೊಂಡಿದ್ದಾಳೆ, ಅವಳಿಗೂ ಯಾರೋ ಕಾನೂನು ಹೇಳಿಕೊಟ್ಟಿದ್ದಾರೆ, ಅಮ್ಮನೇ ಕಾಗದದಲ್ಲಿ ಬರೆದಿರಬೇಕು. ಪೆಂಬರ್ಟನ್ ಕೊಡೆ ಕಳೆದುಕೊಂಡಿದ್ದಾನೆ, ಮಿಸೆಸ್ ಕ್ರೂ ಅದರ ಮೇಲೇ ಕೂತಿದ್ದಾಳೆ, ಮೌನ, ಲಂಡನ್ನಿನ ಜನ ಗೊಳ್ಳೆನ್ನುತ್ತಾರೆ, ವಿಶ್ವನಾಥ ಮಾವನೂ ಮೂಗಿನಿಂದ ನಕ್ಕ, ಭಾವನ ಮೇಲಿನ ಗೌರವಕ್ಕೆ. ಸುಮತಿ ತಲೆ ಎತ್ತಿದಳು. ಬೆತ್ತದ ಬೆನ್ನಿನ ಮೇಲೆ ಎರಡು ಭುಜ, ಸಣ್ಣವು, ಮಾಸಲು ಬಿಳಿಯ ಸೀರೆಯೊಳಗೆ, ಅಲುಗುತ್ತಿವೆ. ಮೇಲೆ, ಕೆಳಗೆ. ಕೊಡೆಗೆ ನಗುತ್ತಿದ್ದಾಳೆಯೇ, ಇಂಗ್ಲಿಷು ತಿಳಿಯದವಳು, ಅವನು ನಗುತ್ತಿದ್ದನೆಂದು ತಾನೂ ನಗುತ್ತಿದ್ದಾಳೆಯೇ, ಅಳುತ್ತಿದ್ದಾಳೆಯೇ, ಉಸಿರು ಸಿಕ್ಕದೆಯೇ, ಹಿಂದಿನಿಂದ ಎಲ್ಲ ಒಂದೇ, ದೇವರೇ, ಹಿಂದಿನಿಂದ ಎಲ್ಲ ಒಂದೇ ತರಹ. ಮೊರ ಮಡಿಲಿನಿಂದ ಜಾರಿತು, ಅಕ್ಕಿ ನೆಲದ ತುಂಬ ಚೆಲ್ಲಿ ಸಿಮೆಂಟಿನ ಮೇಲೆ ಮಳೆಯ ಸದ್ದು, ಷ್ ಎಂದ ಮಾವ, ಅವಳು ಎದ್ದಿದ್ದಾಳೆ, ಅಮ್ಮಾ ಎಂದಳು, ಗಟ್ಟಿಯಾಗಿ, ಲಂಡನ್ನಿನ ಮಾತಿನ ಮೇಲೆಯೇ, ಎಂಟು ವರ್ಷದಲ್ಲಿ ಮೊದಲ ಸಲ, ಅಮ್ಮಾ, ಅಮ್ಮ ತಿರುಗುವುದಿಲ್ಲ, ಹೊಸ್ತಿಲಿನಿಂದ ಕುರ್ಚಿಗೆ ಆರು ಹೆಜ್ಜೆ, ಬರೀ ಆರು, ಕಾಲಡಿ ಅಕ್ಕಿ ಚುಚ್ಚುತ್ತದೆ, ಒಂದು, ಎರಡು, ಜನ ಮತ್ತೆ ಗೊಳ್ಳೆನ್ನುತ್ತಾರೆ, ಮೂರು, ಮುಖ ಇನ್ನೂ ಕಾಣುವುದಿಲ್ಲ, ಭುಜ ಮಾತ್ರ, ಮೇಲೆ, ಕೆಳಗೆ, ಬಿಳಿ, ಮೇಲೆ —